ಗ್ರಾಜುಯೇಟ್ ಅಸಿಸ್ಟೆಂಟ್: ಆಟಗಾರ ಕೋಚ್ ಆಗುವ ಮೊದಲ ಮೆಟ್ಟಿಲು

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಹೆಸರು ಮಾಡಿದ ಕೋಚ್‌ಗಳ ವೃತ್ತಿಜೀವನವನ್ನು ಗಮನಿಸಿದರೆ, ಅವರಲ್ಲಿ ಬಹಳಷ್ಟು ಮಂದಿ ಆರಂಭದ ವರ್ಷಗಳಲ್ಲಿ ‘ಗ್ರಾಜುಯೇಟ್ ಅಸಿಸ್ಟೆಂಟ್’ ಆಗಿದ್ದವರೆಂಬುದು ತಿಳಿಯುತ್ತದೆ. ಚಿಕ್ಕದಾಗಿ ‘ಜಿಎ’ ಎಂದು ಕರೆಯುವ ಈ ಹುದ್ದೆಯಲ್ಲಿರುವವರು ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುತ್ತಲೇ ಅಲ್ಲಿನ ತಂಡದ ತರಬೇತಿಯಲ್ಲಿ ಕೆಲಸ ಮಾಡುತ್ತಾರೆ. ಇಲ್ಲಿ ಫುಟ್‌ಬಾಲ್ ಎಂದರೆ ನಾವು ಕಾಲ್ಚೆಂಡು ಎನ್ನುವ ಆಟವಲ್ಲ. ಹೆಲ್ಮೆಟ್ ತೊಟ್ಟು, ಮೊಟ್ಟೆಯಾಕಾರದ ಚೆಂಡನ್ನು ಹೆಚ್ಚಾಗಿ ಕೈಯಲ್ಲೇ ಆಡುವ ಅಮೆರಿಕನ್ ಫುಟ್‌ಬಾಲ್. ಕರ್ನಾಟಕದಿಂದ ಎಂ.ಎಸ್. ಓದಲು ಅಮೆರಿಕಕ್ಕೆ ಹೋದವರಿಗೆ ಟಿಎ, ಆರ್‌ಎ ವ್ಯವಸ್ಥೆ ಗೊತ್ತೇ ಇದೆ. ಅಲ್ಲಿ ಪಾಠ ಅಥವಾ ಸಂಶೋಧನೆಗೆ ನೆರವಾದರೆ ಶುಲ್ಕದ ವಿನಾಯಿತಿಯೂ ಒಂದಿಷ್ಟು ಮಾಸಿಕ ಭತ್ಯೆಯೂ ಸಿಗುವಂತೆ, ಇಲ್ಲಿ ಮೈದಾನದ ಕೆಲಸಕ್ಕೆ ಸಿಗುತ್ತವೆ.

ಆ ಕೆಲಸದ ಹೆಚ್ಚಿನ ಪಾಲು ಪ್ರೇಕ್ಷಕರ ಕಣ್ಣಿಗೆ ಬೀಳುವುದಿಲ್ಲ. ಮುಂದಿನ ಶನಿವಾರ ಎದುರಾಗಲಿರುವ ತಂಡದ ಹಳೆಯ ಪಂದ್ಯಗಳ ವಿಡಿಯೊಗಳನ್ನು ನೋಡಿ, ಒಂದೊಂದು ಪ್ಲೇಯಲ್ಲೂ (ಚೆಂಡು ಆಟಕ್ಕೆ ಬಂದು ನಿಲ್ಲುವವರೆಗಿನ ಒಂದು ಸುತ್ತು) ಅದು ಎಷ್ಟನೆಯ ಡೌನ್, ಅಂದರೆ ಹತ್ತು ಯಾರ್ಡ್ ಮುಂದೆ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಎಷ್ಟನೆಯದು, ಇನ್ನೆಷ್ಟು ಯಾರ್ಡ್ ಬೇಕಿತ್ತು, ಆಟಗಾರರು ಯಾವ ಕ್ರಮದಲ್ಲಿ ನಿಂತಿದ್ದರು ಎಂಬುದನ್ನು ಜಿಎ ದಾಖಲಿಸಬೇಕು. ಬಳಿಕ ಅವೇ ಪ್ಲೇಗಳನ್ನು ದೊಡ್ಡ ಕಾರ್ಡುಗಳ ಮೇಲೆ ವೃತ್ತ, ಗೆರೆ, ಬಾಣಗಳಲ್ಲಿ ಬಿಡಿಸಬೇಕು. ಅಭ್ಯಾಸದ ವೇಳೆ ಎದುರಾಳಿಯ ಪಾತ್ರ ವಹಿಸುವ ಮೀಸಲು ಆಟಗಾರರ ಗುಂಪಿಗೆ ‘ಸ್ಕೌಟ್ ಟೀಮ್’ ಎಂದು ಹೆಸರು. ಜಿಎ ಕಾರ್ಡನ್ನು ಎತ್ತಿ ಹಿಡಿಯುತ್ತಾರೆ, ಸುತ್ತ ನಿಂತ ಹನ್ನೊಂದು ಮಂದಿ ತಮ್ಮ ತಮ್ಮ ಬಾಣ ಯಾವ ಕಡೆಗಿದೆಯೆಂದು ನೋಡಿಕೊಂಡು ಅದರಂತೆ ಓಡುತ್ತಾರೆ. ಅದು ಮುಗಿಯುವಷ್ಟರಲ್ಲಿ ಮುಂದಿನ ಕಾರ್ಡು ಸಿದ್ಧವಿರಬೇಕು. ಆಡುವಾಗ ಮುಖ್ಯವಾಗಿ ತನ್ನ ಜಾಗ ಮತ್ತು ತನ್ನ ಹೊಣೆಯನ್ನಷ್ಟೇ ಬಲ್ಲವನಾಗಿದ್ದ ಯುವಕ, ಇಪ್ಪತ್ತೆರಡೂ ಮಂದಿಯ ಚಲನೆಯನ್ನು ಕೈಯಾರೆ ಬಿಡಿಸುತ್ತ ಬಿಡಿಸುತ್ತ ಇಡೀ ಆಟವನ್ನು ಒಟ್ಟಾಗಿ ನೋಡಲು ಕಲಿಯುತ್ತಾನೆ. ಆಟಗಾರನು ಕೋಚ್ ಆಗಿ ಬದಲಾಗುವುದು ಹೆಚ್ಚಾಗಿ ಈ ಕೆಲಸದಲ್ಲಿಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇದಕ್ಕೆ ಹೆಸರಾಂತ ಕಾಲೇಜು ಕೋಚ್ ಕರ್ಬಿ ಸ್ಮಾರ್ಟ್ ಅವರ ವೃತ್ತಿಜೀವನಕ್ಕಿಂತ ಒಳ್ಳೆಯ ನಿದರ್ಶನ ನನಗೆ ತೋರುವುದಿಲ್ಲ. ಹೈಸ್ಕೂಲು ಕೋಚ್ ಒಬ್ಬರ ಮಗನಾದ ಅವರು ಜಾರ್ಜಿಯಾ ವಿಶ್ವವಿದ್ಯಾಲಯದ ತಂಡದಲ್ಲಿ 1995ರಿಂದ 1998ರವರೆಗೆ, ರಕ್ಷಣೆಯ ಕೊನೆಯ ಸಾಲಿನಲ್ಲಿ ನಿಲ್ಲುವ ‘ಸೇಫ್ಟಿ’ ಆಗಿ ಆಡಿ, ಎದುರಾಳಿ ಎಸೆದ ಚೆಂಡನ್ನು 13 ಬಾರಿ ನಡುವೆಯೇ ಹಿಡಿದವರು. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ಆಯ್ಕೆಯಲ್ಲಿ ಯಾವ ತಂಡವೂ ಅವರನ್ನು ಆರಿಸಲಿಲ್ಲ. 1999ರಲ್ಲಿ ಇಂಡಿಯಾನಾಪೊಲಿಸ್ ಕೋಲ್ಟ್ಸ್ ತಂಡವನ್ನು ಸೇರಿದರೂ ಋತು ಆರಂಭವಾಗುವ ಮೊದಲೇ ಹೊರಬರಬೇಕಾಯಿತು. ಅನಂತರ ವಾಲ್ಡೋಸ್ಟಾ ಸ್ಟೇಟ್ ಎಂಬ ಎರಡನೇ ದರ್ಜೆಯ ವಿಭಾಗದ ಕಾಲೇಜಿನಲ್ಲಿ ತರಬೇತಿಗೆ ನಿಂತು, 2001ರಲ್ಲಿ ಇಡೀ ರಕ್ಷಣಾ ವಿಭಾಗವನ್ನು ನಡೆಸುವ ‘ಡಿಫೆನ್ಸಿವ್ ಕೋಆರ್ಡಿನೇಟರ್’ ಆದರು. ಇಷ್ಟಾದ ಮೇಲೆ 2002ರಲ್ಲಿ ಅವರು ಬಾಬಿ ಬೌಡನ್ ಮುಖ್ಯ ಕೋಚ್ ಆಗಿದ್ದ ಫ್ಲೋರಿಡಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಜಿಎ ಆಗಿ ಹೋದರು. ಒಂದು ವಿಭಾಗದ ಯಜಮಾನಿಕೆ ಬಿಟ್ಟು ಮತ್ತೆ ಕಾರ್ಡು ಹಿಡಿಯುವ ಸ್ಥಾನಕ್ಕೆ ಇಳಿದದ್ದು ಹೊರಗಿನವರಿಗೆ ಹಿಂಬಡ್ತಿಯಂತೆ ಕಂಡೀತು. ಆದರೆ ದೊಡ್ಡ ತಂಡವೊಂದು ಒಳಗಿನಿಂದ ಹೇಗೆ ನಡೆಯುತ್ತದೆಂಬುದನ್ನು ನೋಡುವ ಅವಕಾಶವೂ ಸ್ನಾತಕೋತ್ತರ ಪದವಿಯೂ ಅಲ್ಲಿ ಒಟ್ಟಿಗೆ ದೊರೆತವು. 2004ರಲ್ಲಿ ಎಲ್‌ಎಸ್‌ಯುನಲ್ಲಿ (ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ) ಮುಖ್ಯ ಕೋಚ್ ನಿಕ್ ಸೇಬನ್ ಅವರ ಕೈಕೆಳಗೆ ಕೆಲಸ ಸಿಕ್ಕಿತು; ಮುಂದೆ 2007ರಿಂದ 2015ರವರೆಗೆ ಅಲಬಾಮಾದಲ್ಲಿಯೂ ಸೇಬನ್ ಜೊತೆಗೇ ಇದ್ದರು.

ಸ್ವತಃ ಸೇಬನ್ ಕೂಡ ಇದೇ ಮೆಟ್ಟಿಲು ಹತ್ತಿದವರು. ಕೆಂಟ್ ಸ್ಟೇಟ್‌ನಲ್ಲಿ ರಕ್ಷಣಾ ಆಟಗಾರರಾಗಿದ್ದ ಅವರಿಗೆ ಕೋಚ್ ಆಗಬೇಕೆಂಬ ಹಂಬಲವೇನೂ ಇರಲಿಲ್ಲ. ಪತ್ನಿ ಟೆರಿ ಅವರ ಓದು ಇನ್ನೂ ಮುಗಿದಿರಲಿಲ್ಲವಾದ್ದರಿಂದ ಊರು ಬಿಡುವಂತಿರಲಿಲ್ಲ. ಅದೇ ಹೊತ್ತಿಗೆ ಕೋಚ್ ಡಾನ್ ಜೇಮ್ಸ್ ಜಿಎ ಆಗುವಂತೆ ಕೇಳಿದರು, ಇವರು ಒಪ್ಪಿದರು. ಹಾಗೆ ಶುರುವಾದ ಬದುಕು ಏಳು ರಾಷ್ಟ್ರೀಯ ಪ್ರಶಸ್ತಿಗಳವರೆಗೆ ಬೆಳೆಯಿತು. ಸ್ಮಾರ್ಟ್ 2016ರ ಋತುವಿನಿಂದ ತಾವು ಆಡಿದ ಜಾರ್ಜಿಯಾಕ್ಕೇ ಮುಖ್ಯ ಕೋಚ್ ಆದರು. 2022ರ ಜನವರಿ 10ರಂದು ಇಂಡಿಯಾನಾಪೊಲಿಸ್‌ನಲ್ಲಿ ಅವರ ತಂಡ ಸೇಬನ್ ಅವರ ಅಲಬಾಮಾವನ್ನು 33–18ರಿಂದ ಮಣಿಸಿ, 1980ರ ಬಳಿಕ ಮೊದಲ ಬಾರಿಗೆ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದಿತು. ಮರುವರ್ಷ ಟಿಸಿಯು (ಟೆಕ್ಸಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯ) ವಿರುದ್ಧ 65–7ರ ಗೆಲುವಿನೊಂದಿಗೆ ಅದನ್ನು ಉಳಿಸಿಕೊಂಡಿತು.

ಈ ಹುದ್ದೆಯ ಕಷ್ಟವನ್ನೂ ಹೇಳಲೇಬೇಕು. ಗೌರವಧನ ಕಡಿಮೆ, ದುಡಿಮೆಯ ಗಂಟೆಗಳು ಬಹಳ, ಜೊತೆಗೆ ತರಗತಿ ಮತ್ತು ಪರೀಕ್ಷೆಗಳ ಹೊರೆ. ಮನೆಯ ಆಸರೆಯಿಲ್ಲದ ಪ್ರತಿಭಾವಂತರು ಇಲ್ಲಿಯೇ ಕೈಬಿಡುವುದು ಕಾಲೇಜು ಕ್ರೀಡೆಗೆ ನಿಜವಾದ ನಷ್ಟ. ಮೇಲಾಗಿ ನಿಯಮವೂ ಬದಲಾಗಿದೆ. ಮುಖ್ಯ ಕೋಚ್, ಹತ್ತು ಮಂದಿ ಸಹಾಯಕ ಕೋಚ್‌ಗಳು ಹಾಗೂ ಕೆಲವೇ ಜಿಎಗಳನ್ನು ಬಿಟ್ಟರೆ ಬೇರೆ ಸಿಬ್ಬಂದಿ ಆಟಗಾರರಿಗೆ ಮೈದಾನದಲ್ಲಿ ಆಟ ಹೇಳಿಕೊಡುವಂತಿಲ್ಲ ಎಂಬ ಮಿತಿಯನ್ನು ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎನ್‌ಸಿಎಎ 2024ರಲ್ಲಿ ತೆಗೆದುಹಾಕಿತು. ಇದರಿಂದಾಗಿ ವಿಡಿಯೊ ವಿಶ್ಲೇಷಣೆಗೆಂದು ನೇಮಕವಾದ ‘ಅನಲಿಸ್ಟ್’ಗಳೂ ಈಗ ಮೈದಾನಕ್ಕಿಳಿದು ಕಲಿಸಬಹುದಾಗಿದ್ದು, ಅವರಲ್ಲಿ ಕೆಲವರು ಬೇರೆಡೆ ಮುಖ್ಯ ಕೋಚ್ ಆಗಿದ್ದ ಅನುಭವಿಗಳಾದ್ದರಿಂದ, ಹೊಸದಾಗಿ ಬರುವ ಜಿಎ ತನ್ನ ಕಲಿಕೆಗೆ ಅವರ ನಡುವೆಯೇ ಜಾಗ ಕಂಡುಕೊಳ್ಳಬೇಕಾಗಿದೆ.