ಹೆದ್ದಾರಿ ದುಡ್ಡು, ಬಿಯರ್ ವಯಸ್ಸು: ಅಮೆರಿಕದ ರಾಜ್ಯಗಳು ಬಗ್ಗಿದ್ದು ಹೇಗೆ?

ಅಮೆರಿಕದ ಯಾವ ರಾಜ್ಯಕ್ಕೆ ಹೋದರೂ ಮದ್ಯ ಕೊಳ್ಳಲು 21 ವರ್ಷ ತುಂಬಿರಬೇಕು. ಇದು ಫೆಡರಲ್ (ಕೇಂದ್ರ) ಸರ್ಕಾರದ ಆಜ್ಞೆ ಅಂತ ಅನ್ನಿಸುತ್ತೆ, ಅಲ್ವಾ? ಆದರೆ ಆ ವಯಸ್ಸನ್ನು ಗೊತ್ತುಮಾಡಿರುವುದು ಆಯಾ ರಾಜ್ಯದ ಕಾನೂನೇ. 50 ರಾಜ್ಯಗಳೂ ಒಂದೇ ಅಂಕಿಗೆ ಬಂದು ನಿಲ್ಲುವಂತೆ ಮಾಡಿದ್ದು ದುಡ್ಡು.

ಫೆಡರಲ್ ಸರ್ಕಾರಕ್ಕೆ ಕೊಡದ, ರಾಜ್ಯಗಳಿಗೆ ಬೇಡ ಎನ್ನದ ಅಧಿಕಾರವೆಲ್ಲ ರಾಜ್ಯಗಳದ್ದು, ಇಲ್ಲವೇ ಜನರದ್ದು. ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಬಂದ ಹತ್ತನೇ ತಿದ್ದುಪಡಿ ಹೇಳುವುದು ಇಷ್ಟೇ. ಆ ಸಾಲು ಇವತ್ತಿಗೂ ಹಾಗೇ ಇದೆ. ಅಧಿಕಾರ ಮಾತ್ರ ಬೇರೆ ದಾರಿಗಳಲ್ಲಿ ವಾಷಿಂಗ್ಟನ್ ಕಡೆ ಹರಿಯಿತು. ಅಂತರ್ಯುದ್ಧದ ನಂತರ, 1868ರಲ್ಲಿ ಬಂದ 14ನೇ ತಿದ್ದುಪಡಿ, ಜನರ ಹಕ್ಕುಗಳನ್ನು ಕಸಿಯದಂತೆ ರಾಜ್ಯಗಳ ಕೈಕಟ್ಟಿತು. ಅದಕ್ಕೆ ಕಾರಣವೂ ಇತ್ತು. 'ರಾಜ್ಯಗಳ ಹಕ್ಕು' ಎನ್ನುವ ಮಾತನ್ನು ಗುಲಾಮಗಿರಿ ಉಳಿಸಿಕೊಳ್ಳಲು ಗುರಾಣಿ ಮಾಡಿಕೊಂಡವರಿದ್ದರು. 1913ರ 16ನೇ ತಿದ್ದುಪಡಿ ಆದಾಯ ತೆರಿಗೆಗೆ ದಾರಿ ಮಾಡಿಕೊಟ್ಟಿತು, ಫೆಡರಲ್ ಬೊಕ್ಕಸ ತುಂಬತೊಡಗಿತು.

ಇನ್ನೊಂದು ದಾರಿ ವ್ಯಾಪಾರ. ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರಕ್ಕೆ ನಿಯಮ ಮಾಡುವ ಅಧಿಕಾರ ಸಂವಿಧಾನದಲ್ಲೇ ಕಾಂಗ್ರೆಸ್ಸಿಗೆ, ಅಂದರೆ ಅಮೆರಿಕದ ಸಂಸತ್ತಿಗೆ, ಇದೆ. ಓಹಿಯೋದ ರೈತ ರೋಸ್ಕೋ ಫಿಲ್ಬರ್ನ್‌ಗೆ ಗೋಧಿ ಬೆಳೆಯಲು ಫೆಡರಲ್ ಕಾನೂನಿನಡಿ ಸಿಕ್ಕಿದ್ದ ಅನುಮತಿ 11.1 ಎಕರೆಗೆ. ಅವನು ಬಿತ್ತಿದ್ದು 23 ಎಕರೆ. ಬಿದ್ದ ದಂಡ 117 ಡಾಲರ್ 11 ಸೆಂಟ್. ಜಾಸ್ತಿ ಬೆಳೆದದ್ದು ನನ್ನ ದನ, ಕೋಳಿ, ಮನೆಗೆ ಬೇಕಾದದ್ದು, ಇದರಲ್ಲಿ ವ್ಯಾಪಾರ ಎಲ್ಲಿ ಬಂತು ಅನ್ನುವುದು ಅವನ ವಾದ. 1942ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಮನೆಯಲ್ಲೇ ಬೆಳೆದರೆ ಪೇಟೆಯಲ್ಲಿ ಕೊಳ್ಳುವುದು ತಪ್ಪುತ್ತದೆ, ಎಲ್ಲರೂ ಹಾಗೇ ಮಾಡಿದರೆ ದೇಶದ ಗೋಧಿ ಬೆಲೆಗೆ ಪೆಟ್ಟು ಎಂದಿತು. ತರ್ಕವನ್ನು ಸ್ವಲ್ಪ ಜಾಸ್ತಿಯೇ ಎಳೆದರು ಅನ್ನಬೇಕು. ಹೀಗೆ ನೋಡಿದರೆ ವ್ಯಾಪಾರಕ್ಕೆ ತಾಕದ್ದು ಯಾವುದೂ ಉಳಿಯುವುದಿಲ್ಲ.

ಈಗ ಬಿಯರ್ ವಿಷಯ. ಕುಡಿಯುವ ವಯಸ್ಸನ್ನು 21ಕ್ಕೆ ಏರಿಸದ ರಾಜ್ಯಕ್ಕೆ ಹೆದ್ದಾರಿ ಅನುದಾನದಲ್ಲಿ ಕಡಿತ ಎಂದು 1984ರಲ್ಲಿ ಕಾಂಗ್ರೆಸ್ ಕಾನೂನು ಮಾಡಿತು. ಸೌತ್ ಡಕೋಟಾದಲ್ಲಿ 19 ತುಂಬಿದವರಿಗೆ ಕಡಿಮೆ ಅಮಲಿನ ಬಿಯರ್ ಸಿಗುತ್ತಿತ್ತು. ಆ ರಾಜ್ಯ ಕೋರ್ಟಿಗೆ ಹೋಯಿತು, 1987ರಲ್ಲಿ ಸೋತಿತು. ಕೈಬಿಟ್ಟುಹೋಗುವ ದುಡ್ಡು ರಾಜ್ಯದ ಬಜೆಟ್ಟಿನ ಶೇ 0.5ಕ್ಕಿಂತ ಕಡಿಮೆ, ಇದನ್ನು ಬಲವಂತ ಎನ್ನಲಾಗದು ಎಂಬ ಲೆಕ್ಕ ಮುಂದೆ ಕೋರ್ಟಿಗೆ ಉಪಯೋಗಕ್ಕೆ ಬಂತು. ಬಡವರ ಆರೋಗ್ಯ ಯೋಜನೆ ಮೆಡಿಕೇಡ್ ವಿಸ್ತರಿಸಲು ಒಪ್ಪದ ರಾಜ್ಯಗಳು ಬಜೆಟ್ಟಿನ ಶೇ 10ಕ್ಕೂ ಹೆಚ್ಚು ಕಳೆದುಕೊಳ್ಳುವ ಸ್ಥಿತಿ ಬಂದಾಗ, 2012ರಲ್ಲಿ, ಇದು ತಲೆಗೆ ಬಂದೂಕು ಇಟ್ಟಂತೆ ಎಂದು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಬರೆದರು. ಗೆರೆ ಸರಿಯಾಗಿ ಎಲ್ಲಿದೆ ಅಂತ ಮಾತ್ರ ಹೇಳಲಿಲ್ಲ.

ರಾಜ್ಯಗಳ ಕೈಯಲ್ಲೂ ಒಂದು ಅಸ್ತ್ರ ಉಳಿದಿದೆ: ಸುಮ್ನೆ ಕೂರುವುದು. ಫೆಡರಲ್ ಕಾನೂನು ಜಾರಿ ಮಾಡಿ ಎಂದು ರಾಜ್ಯದ ಅಧಿಕಾರಿಗಳಿಗೆ ವಾಷಿಂಗ್ಟನ್ ಅಪ್ಪಣೆ ಕೊಡುವಂತಿಲ್ಲ ಎಂದು 1997ರಲ್ಲೇ ತೀರ್ಪಾಗಿದೆ. ಗಾಂಜಾ ವಿಷಯದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಮನೆಯಲ್ಲಿ ಔಷಧಿಗೆಂದು ಬೆಳೆದ ಗಾಂಜಾವನ್ನೂ ಕಾಂಗ್ರೆಸ್ ನಿಷೇಧಿಸಬಹುದು ಎಂದು 2005ರಲ್ಲಿ ಕೋರ್ಟ್ ಹೇಳಿತು. ಆಧಾರ ಅದೇ ಫಿಲ್ಬರ್ನ್ ತೀರ್ಪು. ಆದರೆ ಹಿಡಿಯುವ ಪೊಲೀಸರಲ್ಲಿ ಹೆಚ್ಚಿನವರು ರಾಜ್ಯ ಮತ್ತು ಊರುಗಳವರು. ಫೆಡರಲ್ ನಿಷೇಧ ಜಾರಿಯಲ್ಲಿರುವಾಗಲೇ, 2014ರ ಜನವರಿ 1ರಂದು ಕೊಲೊರಾಡೊದ ಪರವಾನಗಿ ಅಂಗಡಿಗಳು 21 ದಾಟಿದವರಿಗೆ ಗಾಂಜಾ ಮಾರಲು ಬಾಗಿಲು ತೆರೆದವು.