ಹಂಗೇರಿಯಲ್ಲಿ ಲಿಥಿಯಂ ಇಲ್ಲ, ಮಂಡ್ಯದಲ್ಲಿದೆ: ಮತ್ತೆ ಬ್ಯಾಟರಿ ಕಾರ್ಖಾನೆ ಅಲ್ಲೇಕೆ?

ಪ್ರಶ್ನೆ: ಚೀನಾದ ಸಿಎಟಿಎಲ್ ಕಂಪನಿ ತನ್ನ ದೇಶದಲ್ಲಷ್ಟೇ ಅಲ್ಲ, ಜರ್ಮನಿ, ಹಂಗೇರಿ, ಸ್ಪೇನ್‌ಗಳಲ್ಲೂ ಒಂದರ ಹಿಂದೊಂದು ಬ್ಯಾಟರಿ ಕಾರ್ಖಾನೆ ಕಟ್ಟುತ್ತಿದೆ. ಹಂಗೇರಿಯಲ್ಲಿ ಲಿಥಿಯಂ ಗಣಿಯೇ ಇಲ್ಲ. ನಮ್ಮ ಮಂಡ್ಯದಲ್ಲಿ ಲಿಥಿಯಂ ಸಿಕ್ಕಿದೆ. ಆದರೂ ನಮ್ಮಲ್ಲಿಗೆ ಯಾಕೆ ಬರಲಿಲ್ಲ?

ಉತ್ತರ: ಮಂಡ್ಯದ ಸುದ್ದಿ ಬಂದಾಗಿನಿಂದ ಈ ಪ್ರಶ್ನೆ ಬೇರೆಬೇರೆ ರೂಪದಲ್ಲಿ ಬರುತ್ತಲೇ ಇದೆ. ಉತ್ತರವನ್ನೂ ಅಷ್ಟೇ ಸಲ ಕೊಟ್ಟಾಗಿದೆ. ಈ ಸಲ ಲೆಕ್ಕ ಹಾಕಿಯೇ ತೋರಿಸುತ್ತೇನೆ. ಲಿಥಿಯಂ ಇರುವಲ್ಲಿ ಬ್ಯಾಟರಿ ಕಾರ್ಖಾನೆ ಬರುವುದಿಲ್ಲ, ಕಾರು ತಯಾರಾಗುವಲ್ಲಿ ಬರುತ್ತದೆ.

ಸಕ್ಕರೆ ಕಾರ್ಖಾನೆ ಕಬ್ಬಿನ ಗದ್ದೆಯ ಹತ್ತಿರವೇ ಇರಬೇಕು, ಯಾಕೆಂದರೆ ಹತ್ತು ಟನ್ ಕಬ್ಬು ಅರೆದರೆ ಸಿಗುವುದು ಸುಮಾರು ಒಂದು ಟನ್ ಸಕ್ಕರೆ, ಜೊತೆಗೆ ಕಡಿದ ಕಬ್ಬು ದಿನ ಕಳೆದಂತೆ ಇಳುವರಿ ಕಳೆದುಕೊಳ್ಳುತ್ತದೆ. ಮಂಡ್ಯದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಬ್ಯಾಟರಿಯ ಲೆಕ್ಕ ಇದಕ್ಕೆ ಪೂರಾ ಉಲ್ಟಾ. 60 ಯೂನಿಟ್ ವಿದ್ಯುತ್ ಹಿಡಿಯುವ ಒಂದು ಕಾರಿನ ಪ್ಯಾಕ್ ತೆಗೆದುಕೊಳ್ಳಿ. ಒಂದು ಯೂನಿಟ್‌ಗೆ ಹತ್ತಿರಹತ್ತಿರ 100 ಗ್ರಾಂ ಲಿಥಿಯಂ ಬೇಕು, ಒಟ್ಟು 6 ಕಿಲೋ. ಕಾರ್ಖಾನೆಗೆ ಅದು ಲಿಥಿಯಂ ಕಾರ್ಬೊನೇಟ್ ಎಂಬ ಬಿಳಿ ಪುಡಿಯಾಗಿ ಬಂದರೆ 32ರಿಂದ 36 ಕಿಲೋ ಆಗುತ್ತದೆ. ಸಿದ್ಧ ಪ್ಯಾಕ್‌ನ ತೂಕ ಸುಮಾರು 400 ಕಿಲೋ. ಪುಡಿಯನ್ನು ಚೀಲಕ್ಕೆ ತುಂಬಿ ಯಾವ ಹಡಗಿನಲ್ಲಾದರೂ ಕಳಿಸಬಹುದು, ತಿಂಗಳುಗಟ್ಟಲೆ ಗೋದಾಮಿನಲ್ಲಿಟ್ಟರೂ ಚಿಂತೆಯಿಲ್ಲ. ಪ್ಯಾಕ್‌ನೊಳಗೆ ಜೋಡಿಸುವ ಬಿಡಿ ಬ್ಯಾಟರಿಯೇ ಸೆಲ್. ಸಿದ್ಧ ಸೆಲ್ ಹಾಗಲ್ಲ. ಸಾಗಣೆ ನಿಯಮದಲ್ಲಿ ಅದು 9ನೇ ವರ್ಗದ ಅಪಾಯಕಾರಿ ಸರಕು. ಬಿಡಿ ಸೆಲ್‌ಗಳನ್ನು ವಿಮಾನದಲ್ಲಿ ಕಳಿಸುವುದಾದರೆ ಚಾರ್ಜ್ 30 ಶೇಕಡಾ ಮೀರುವಂತಿಲ್ಲ. ಹಡಗಿನಲ್ಲಾದರೆ ಚೀನಾದಿಂದ ಯುರೋಪಿಗೆ ಒಂದು ತಿಂಗಳಿಗೂ ಹೆಚ್ಚು, ಅಷ್ಟು ದಿನವೂ ಕಂಪನಿಯ ಬಂಡವಾಳ ಸಮುದ್ರದ ಮೇಲೆ. ಹಗುರವಾದ, ಕೆಡದ ಪುಡಿಯನ್ನು ದೂರ ಸಾಗಿಸಿ, ಭಾರವಾದ, ಅಪಾಯದ ಪ್ಯಾಕನ್ನು ಕಾರಿನ ಪಕ್ಕದಲ್ಲೇ ಮಾಡುವುದು ಲಾಭ.

ನಂಬಿಕೆ ಬಾರದಿದ್ದರೆ ಭೂಪಟ ನೋಡಿ. ಜಗತ್ತಿನಲ್ಲಿ ಅತಿ ಹೆಚ್ಚು ಲಿಥಿಯಂ ಅಗೆಯುವ ದೇಶ ಆಸ್ಟ್ರೇಲಿಯಾ. ಅಲ್ಲಿ ದೊಡ್ಡ ಸೆಲ್ ಕಾರ್ಖಾನೆ ಇಲ್ಲ. ಅಟಕಾಮ ಮರುಭೂಮಿಯ ಉಪ್ಪುನೀರಿನಿಂದ ಲಿಥಿಯಂ ತೆಗೆಯುವ ಚಿಲಿಯಲ್ಲೂ ಇಲ್ಲ. ಲಿಥಿಯಂ ಗಣಿಗಾರಿಕೆಯೇ ಇಲ್ಲದ ಜಪಾನ್ ಪ್ಯಾನಸೋನಿಕ್ ಅನ್ನು ಕೊಟ್ಟಿತು, ಅದೇ ಸ್ಥಿತಿಯ ದಕ್ಷಿಣ ಕೊರಿಯಾ ಎಲ್‌ಜಿ, ಸ್ಯಾಮ್‌ಸಂಗ್ ಎಸ್‌ಡಿಐ, ಎಸ್‌ಕೆ ಆನ್ ಎಂಬ ಮೂರು ಬ್ಯಾಟರಿ ದೈತ್ಯರನ್ನು ಬೆಳೆಸಿತು. ಸಿಎಟಿಎಲ್ ಹುಟ್ಟಿದ ಫುಜಿಯಾನ್ ಪ್ರಾಂತದ ನಿಂಗ್ಡೆ ಕೂಡ ಗಣಿಯ ಊರಲ್ಲ, ಹಳದಿ ಕ್ರೋಕರ್ ಮೀನಿಗೆ ಹೆಸರಾದ ಕರಾವಳಿ ಊರು.

ಇನ್ನು ಮಂಡ್ಯ. ಮರ್ಲಗಲ್ಲ–ಅಲ್ಲಾಪಟ್ಟಣ ಭಾಗದ ಪೆಗ್ಮಟೈಟ್ ಬಂಡೆಗಳಲ್ಲಿ ಪರಮಾಣು ಖನಿಜ ನಿರ್ದೇಶನಾಲಯ ಶೋಧ ನಡೆಸಿತು. 2020ರಲ್ಲಿ ಪತ್ರಿಕೆಗಳಲ್ಲಿ ಬಂದ ಅಂದಾಜು 14,100 ಟನ್. ಮರುವರ್ಷ ಸರ್ಕಾರ ಹೇಳಿದ್ದು 1,600 ಟನ್, ಅದೂ ಆರಂಭಿಕ ಹಂತದ ಊಹೆಯ ಪ್ರಮಾಣ. ಅಷ್ಟೂ ಶುದ್ಧ ಲೋಹವೆಂದೇ ಇಟ್ಟುಕೊಳ್ಳೋಣ, ಒಂದು ಗ್ರಾಂ ಪೋಲಾಗದೆ ಹೊರಬರುತ್ತದೆಂದೂ ಒಪ್ಪೋಣ. ಹಂಗೇರಿಯ ಡೆಬ್ರೆಸೆನ್ ಊರಿನ ಸಿಎಟಿಎಲ್ ಕಾರ್ಖಾನೆಯ ಒಟ್ಟು ಯೋಜಿತ ಸಾಮರ್ಥ್ಯ ವರ್ಷಕ್ಕೆ 100 ಗಿಗಾವ್ಯಾಟ್-ಅವರ್, ಅಂದರೆ 10 ಕೋಟಿ ಯೂನಿಟ್ ಹಿಡಿಯುವಷ್ಟು ಬ್ಯಾಟರಿ. ಯೂನಿಟ್‌ಗೆ 100 ಗ್ರಾಂ ಎಂದರೆ ವರ್ಷಕ್ಕೆ 10,000 ಟನ್ ಲಿಥಿಯಂ. ಮಂಡ್ಯದ್ದೆಲ್ಲ ಆ ಕಾರ್ಖಾನೆಗೆ ಎರಡು ತಿಂಗಳಿಗೂ ಸಾಲುವುದಿಲ್ಲ. ಜಮ್ಮುವಿನ ರಿಯಾಸಿಯ 59 ಲಕ್ಷ ಟನ್ ಬಗ್ಗೆ ಕೇಳುವವರಿಗೆ ಒಂದೇ ಮಾತು: ಆ ಬ್ಲಾಕ್ ಹರಾಜಿಗೆ ಬೇಕಾದಷ್ಟು ಬಿಡ್‌ದಾರರೇ ಬರಲಿಲ್ಲ, 2024ರ ಮಾರ್ಚ್‌ನಲ್ಲಿ ಸರ್ಕಾರ ಅದನ್ನು ರದ್ದು ಮಾಡಿತು.

ಗಣಿಗೂ ಬ್ಯಾಟರಿಗೂ ನಡುವೆ ಇನ್ನೊಂದು ಉದ್ಯಮವೇ ಇದೆ, ಅದನ್ನು ಎಲ್ಲರೂ ಹಾರಿಸಿಬಿಡುತ್ತಾರೆ. ಗಟ್ಟಿಬಂಡೆಯ ಅದಿರಿನಲ್ಲಿ ಲಿಥಿಯಂ ಆಕ್ಸೈಡ್ ಇರುವುದು ನೂರಕ್ಕೆ ಒಂದೋ ಒಂದೂವರೆಯೋ ಪಾಲು. ಅದನ್ನು ಪುಡಿಮಾಡಿ, ಬೇರ್ಪಡಿಸಿ 6 ಶೇಕಡಾದ ಸಾಂದ್ರ ಅದಿರು ಮಾಡಬೇಕು. ಅದನ್ನು 1,000 ಡಿಗ್ರಿ ಮೀರಿದ ಶಾಖದಲ್ಲಿ ಹುರಿದರೆ ಲಿಥಿಯಂ ಹಿಡಿದಿಟ್ಟಿರುವ ಸ್ಪೋಡುಮೀನ್ ಎಂಬ ಖನಿಜದ ಹರಳಿನ ರಚನೆ ಸಡಿಲವಾಗುತ್ತದೆ. ಹಾಗೆ ಸಡಿಲವಾಗದಿದ್ದರೆ ಆಮ್ಲ ಒಳಗಿಳಿಯುವುದೇ ಇಲ್ಲ. ಆಮೇಲೆ ಗಂಧಕಾಮ್ಲ, ಶುದ್ಧೀಕರಣ, ಕೊನೆಗೆ ಕಾರ್ಬೊನೇಟ್. ಒಂದು ಟನ್ ಕಾರ್ಬೊನೇಟ್‌ಗೆ ಸುಮಾರು 8 ಟನ್ ಸಾಂದ್ರ ಅದಿರು ಹೋಗುತ್ತದೆ. ಆಸ್ಟ್ರೇಲಿಯಾದ ಅದಿರಿನ ಬಹುಪಾಲು ಈ ಕೆಲಸಕ್ಕೆ ಚೀನಾಕ್ಕೆ ಹೋಗುತ್ತದೆ. ಗಣಿ ಇದ್ದೂ ಈ ಸಂಸ್ಕರಣೆ ಇಲ್ಲದಿದ್ದರೆ ನಿಮ್ಮಲ್ಲಿರುವುದು ಬರೀ ಕಲ್ಲು. ಅದೇ 60 ಯೂನಿಟ್‌ನ ಪ್ಯಾಕ್‌ನಲ್ಲಿ ಲಿಥಿಯಂ 6 ಕಿಲೋ ಇದ್ದರೆ ಗ್ರಾಫೈಟ್ ಸುಮಾರು 60 ಕಿಲೋ ಇರುತ್ತದೆ. ಗ್ರಾಫೈಟ್ ಎಲ್ಲಿಂದ ಬರುತ್ತದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ!

ಹಾಗಾದರೆ ಹಂಗೇರಿ ಯಾಕೆ? 2022ರ ಆಗಸ್ಟ್‌ನಲ್ಲಿ 734 ಕೋಟಿ ಯೂರೋ ಹೂಡಿಕೆ ಘೋಷಿಸಿದಾಗಲೇ ಮೊದಲ ಮತ್ತು ದೊಡ್ಡ ಗ್ರಾಹಕ ಮರ್ಸಿಡಿಸ್ ಬೆಂಜ್ ಎಂದು ಹೇಳಲಾಗಿತ್ತು. ಮರ್ಸಿಡಿಸ್‌ನ ಕೆಚ್‌ಕೆಮೇಟ್ ಕಾರ್ಖಾನೆ ಹಂಗೇರಿಯಲ್ಲೇ ಇದೆ, ಬಿಎಂಡಬ್ಲ್ಯೂ ಅಂತೂ ಡೆಬ್ರೆಸೆನ್‌ನಲ್ಲೇ ಕಾರು ಮಾಡುತ್ತದೆ. ಜರ್ಮನಿಯ ಆರ್ನ್‌ಸ್ಟಾಟ್ ಕಾರ್ಖಾನೆ 2018ರಲ್ಲಿ ಘೋಷಣೆಯಾದದ್ದೂ ಬಿಎಂಡಬ್ಲ್ಯೂ ಆರ್ಡರ್ ಕೈಯಲ್ಲಿಟ್ಟುಕೊಂಡೇ. ಸ್ಪೇನ್‌ನ ಸರಗೋಸಾದಲ್ಲಿ ಸ್ಟೆಲಾಂಟಿಸ್ ಎಂಬ ಕಾರು ಕಂಪನಿ ಪಾಲುದಾರ, ಜಾಗವೂ ಅದರ ಕಾರು ಕಾರ್ಖಾನೆಯ ಬಳಿಯೇ. ಚೀನಾದ ಒಳಗೂ ಇದೇ ರೀತಿ: ಶಾಂಘೈನ ಲಿಂಗಾಂಗ್‌ನಲ್ಲಿ ಟೆಸ್ಲಾದ ಹತ್ತಿರ, ಲಿಯಾಂಗ್‌ನಲ್ಲಿ ಎಸ್‌ಎಐಸಿ ಎಂಬ ಚೀನಾದ ಕಾರು ಕಂಪನಿಯ ಜೊತೆಗೂಡಿ. ಯಿಬಿನ್‌ಗೆ ಹೋದದ್ದಕ್ಕೆ ದೊಡ್ಡ ಕಾರಣ ಸಿಚುವಾನ್‌ನ ಜಲವಿದ್ಯುತ್, ಯಾಕೆಂದರೆ ಒಂದು ಯೂನಿಟ್ ಹಿಡಿಯುವ ಸೆಲ್ ತಯಾರಿಸಲು 30ರಿಂದ 50 ಯೂನಿಟ್ ವಿದ್ಯುತ್ ಖರ್ಚಾಗುತ್ತದೆ. ಉಪ್ಪುಸರೋವರಗಳ ಚಿಂಗ್ಹಾಯ್ ಪ್ರಾಂತದ ಶಿನಿಂಗ್‌ನಲ್ಲಿ ಒಂದು ಕಾರ್ಖಾನೆ ಇರುವುದು ನಿಜ. ಅದೊಂದನ್ನೇ ಹಿಡಿದು ವಾದಿಸಬೇಡಿ, ಅದು ಅಪವಾದ.

ನಮ್ಮಲ್ಲಿಗೆ ಬಾರದಿರಲು ಲಿಥಿಯಂಗೆ ಸಂಬಂಧವಿಲ್ಲದ ಕಾರಣಗಳಿವೆ. 2020ರ ಏಪ್ರಿಲ್‌ನ ಪ್ರೆಸ್ ನೋಟ್ 3ರಂತೆ ಗಡಿ ಹಂಚಿಕೊಂಡ ದೇಶಗಳ ಹೂಡಿಕೆಗೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕಾಯಿತು. ಆ ಕಡೆಯಿಂದ ಚೀನಾ 2025ರ ಜುಲೈನಲ್ಲಿ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯ ಕ್ಯಾಥೋಡ್, ಅಂದರೆ ಧನಾಗ್ರ, ತಯಾರಿಕೆಯ ತಂತ್ರಜ್ಞಾನವನ್ನೇ ರಫ್ತು ನಿಯಂತ್ರಣದ ಪಟ್ಟಿಗೆ ಸೇರಿಸಿತು. ಕರ್ನಾಟಕಕ್ಕೆ ಬರುತ್ತಿರುವ ದೊಡ್ಡ ಸೆಲ್ ಕಾರ್ಖಾನೆ ಎಕ್ಸೈಡ್ ಎನರ್ಜಿಯದ್ದು. ಅದಕ್ಕೆ ಚೀನಾದ ಎಸ್‌ವೋಲ್ಟ್ ತಂತ್ರಜ್ಞಾನದ ಒಪ್ಪಂದ 2022ರಲ್ಲೇ ಆಗಿತ್ತು. ಅದು ಎದ್ದಿರುವುದು ದೇವನಹಳ್ಳಿಯ ಕಡೆ, ಮಂಡ್ಯದಲ್ಲಲ್ಲ. ಕಾರಣ ಈಗ ನಿಮಗೇ ಗೊತ್ತು.

ಯಾರೂ ಕೇಳದ, ಆದರೆ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಕಾರ್ಖಾನೆ ಉದ್ಘಾಟನೆಯಾದ ಮೇಲೆ ಎಷ್ಟು ಸೆಲ್ ಮಾರಾಟಕ್ಕೆ ಯೋಗ್ಯವಾಗಿರುತ್ತದೆ?

ಸೆಲ್ ಮಾಡುವುದೆಂದರೆ 6ರಿಂದ 8 ಮೈಕ್ರಾನ್ ದಪ್ಪದ ತಾಮ್ರದ ಹಾಳೆ, ಅದಕ್ಕಿಂತ ಕೊಂಚ ದಪ್ಪನೆಯ ಅಲ್ಯೂಮಿನಿಯಂ ಹಾಳೆಗಳಿಗೆ ಲೇಪ ಹಚ್ಚಿ, ಉದ್ದನೆಯ ಒಲೆಯಲ್ಲಿ ಒಣಗಿಸಿ, ರೋಲರ್‌ನಲ್ಲಿ ಒತ್ತಿ, ಸೀಳಿ, ಸುತ್ತಿ ಅಥವಾ ಪೇರಿಸಿ, ಎಲೆಕ್ಟ್ರೋಲೈಟ್ ಎಂಬ ಲವಣದ ದ್ರಾವಣ ತುಂಬಿ, ನಿಧಾನವಾಗಿ ಮೊದಲ ಚಾರ್ಜ್ ಕೊಟ್ಟು, ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಇಟ್ಟು ಪರೀಕ್ಷಿಸುವುದು. ಎಲೆಕ್ಟ್ರೋಲೈಟ್ ತುಂಬುವ ಕೋಣೆಯ ಗಾಳಿ ಎಷ್ಟು ಒಣಗಿರಬೇಕೆಂದರೆ ಮೈನಸ್ 40 ಡಿಗ್ರಿಗಿಳಿದರೂ ಅದರಲ್ಲಿ ಇಬ್ಬನಿ ಕಟ್ಟಬಾರದು. ತೇವ ನುಸುಳಿದರೆ ಎಲೆಕ್ಟ್ರೋಲೈಟ್‌ನ ಲವಣ ಒಡೆದು ಹೈಡ್ರೋಫ್ಲೋರಿಕ್ ಆಮ್ಲವಾಗುತ್ತದೆ, ಸೆಲ್ ಒಳಗಿನಿಂದಲೇ ಹಾಳಾಗುತ್ತದೆ. ಸೀಳುವ ಬ್ಲೇಡ್ ಮೊಂಡಾದರೆ ಅಂಚಿನಲ್ಲಿ ಲೋಹದ ಮುಳ್ಳು ಏಳುತ್ತದೆ, ಅದು ಎರಡು ಹಾಳೆಗಳನ್ನು ಬೇರ್ಪಡಿಸುವ ತೆಳು ಪೊರೆಯನ್ನು (ಸೆಪರೇಟರ್) ಚುಚ್ಚಿದರೆ ಶಾರ್ಟ್ ಸರ್ಕ್ಯೂಟ್. ಹತ್ತು ಹಂತಗಳಲ್ಲಿ ಪ್ರತಿಯೊಂದೂ ನೂರಕ್ಕೆ 99 ಸರಿಯಾದರೂ ಕೊನೆಗೆ ಉಳಿಯುವುದು 90 ಸೆಲ್. ಪ್ರತಿ ಹಂತವೂ 97ಕ್ಕೆ ಇಳಿದರೆ ಉಳಿಯುವುದು 74. ಕೆಟ್ಟ ಸೆಲ್‌ಗೂ ಅದೇ ತಾಮ್ರ, ಅದೇ ಲಿಥಿಯಂ, ಅದೇ ಕರೆಂಟು ಖರ್ಚಾಗಿರುತ್ತದೆ.

ಸ್ವೀಡನ್ನಿನ ಬ್ಯಾಟರಿ ಕಂಪನಿ ನಾರ್ತ್‌ವೋಲ್ಟ್ ಎಡವಿದ್ದು ಇಲ್ಲಿಯೇ. ಶೆಲೆಫ್ಟಿಯೊ ಕಾರ್ಖಾನೆಯಿಂದ ಮೊದಲ ಸೆಲ್ ಹೊರಬಂದದ್ದು 2021ರ ಡಿಸೆಂಬರ್‌ನಲ್ಲಿ. ಅದು ಇನ್ನೂ ಹದಕ್ಕೆ ಬರುವ ಮೊದಲೇ ಜರ್ಮನಿ, ಕೆನಡಾಗಳಲ್ಲಿ ಹೊಸ ಕಾರ್ಖಾನೆಗಳನ್ನು ಘೋಷಿಸಿತು. 2024ರಲ್ಲಿ ಬಿಎಂಡಬ್ಲ್ಯೂ 200 ಕೋಟಿ ಯೂರೋ ಆರ್ಡರ್ ವಾಪಸು ಪಡೆಯಿತು, 2025ರ ಮಾರ್ಚ್‌ನಲ್ಲಿ ಕಂಪನಿ ಸ್ವೀಡನ್ನಿನಲ್ಲಿ ದಿವಾಳಿ ಅರ್ಜಿ ಹಾಕಿತು. ಹಣವಿತ್ತು, ಗ್ರಾಹಕರಿದ್ದರು, ಜಲವಿದ್ಯುತ್ ಇತ್ತು. ಸಾಕಷ್ಟು ಒಳ್ಳೆಯ ಸೆಲ್ ಹೊರಬರಲಿಲ್ಲ. ಸಿಎಟಿಎಲ್ ಆರ್ನ್‌ಸ್ಟಾಟ್‌ನಲ್ಲಿ ಸೆಲ್ ತಯಾರಿಕೆ ಶುರುಮಾಡಿದ್ದು ಘೋಷಣೆಯಾಗಿ ನಾಲ್ಕು ವರ್ಷ ದಾಟಿದ ಮೇಲೆ, 2022ರ ಡಿಸೆಂಬರ್‌ನಲ್ಲಿ. ತನ್ನ ದೇಶದಲ್ಲಿ ವರ್ಷಗಟ್ಟಲೆ ಸಾಲುಗಳನ್ನು ಓಡಿಸಿ ಪಳಗಿದ ಕಂಪನಿಗೇ ಅಷ್ಟು ಸಮಯ ಹಿಡಿಯಿತು.