ಬಂಡೆ ಇಲ್ಲದ ಕಡೆ ಗೆರೆ ಯಾಕೆ?

ಪೇಪರ್ ಚಾರ್ಟ್‌ಗಳ ಕಾಲದಲ್ಲಿ ಹಡಗಿನ ಸೆಕೆಂಡ್ ಆಫೀಸರ್‌ಗೆ ವಾರಕ್ಕೊಂದು ತಲೆನೋವು ಗ್ಯಾರಂಟಿ ಇರುತ್ತಿತ್ತು. ಚಾರ್ಟ್, ಅಂದರೆ ಸಮುದ್ರದ ನಕ್ಷೆ, ತಿದ್ದುವ ಕೆಲಸ. ಪ್ರತಿ ವಾರ ತಿದ್ದುಪಡಿಗಳ ಪುಸ್ತಿಕೆ ಬರುತ್ತಿತ್ತು. ಒಂದು ಕಡೆ ದಾರಿ ತೋರಿಸಲು ತೇಲಿಬಿಟ್ಟ ಬೋಯ್ ಜಾಗ ಬದಲಾಗಿದೆ, ಇನ್ನೊಂದು ಕಡೆ ಮುಳುಗಿದ ಹಡಗು ಪತ್ತೆಯಾಗಿದೆ, ಮತ್ತೊಂದು ಕಡೆ ಆಳ ಕಡಿಮೆಯಾಗಿದೆ. ಸಣ್ಣ ಮೊನೆಯ ಪೆನ್ನು, ಮೆಜೆಂಟಾ ಶಾಯಿ, ಒಂದೊಂದನ್ನೇ ಕೈಯಾರೆ ಗುರುತು ಮಾಡಬೇಕು. ಹಡಗು ಓಲಾಡುವಾಗ ಮಾಡಿ ನೋಡಿ, ಗೊತ್ತಾಗುತ್ತದೆ.

2003ರಲ್ಲಿ ಕೆನಡಾದ ಫಂಡಿ ಕೊಲ್ಲಿಯ ಚಾರ್ಟ್ ಬದಲಾಯಿತು. ಅಲ್ಲಿ ಹಡಗುಗಳು ಹೋಗಿ ಬರುವ ಲೇನ್‌ಗಳನ್ನೇ ಎತ್ತಿ ಪಕ್ಕಕ್ಕೆ ಇಟ್ಟಿದ್ದರು. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಹಾಸಿ ನೋಡಿದೆ. ಬಂಡೆ ಇಲ್ಲ, ಮರಳದಿಬ್ಬ ಇಲ್ಲ, ಆಳಕ್ಕೂ ಕೊರತೆ ಇಲ್ಲ. ಮತ್ತೆ ಯಾಕೆ? ಕ್ಯಾಪ್ಟನ್ ಚಾರ್ಟಿನ ಕಡೆ ಬಗ್ಗಿಯೂ ನೋಡದೆ ಹೇಳಿದರು, "ತಿಮಿಂಗಿಲ ಇವೆಯಂತೆ ಅಲ್ಲಿ."

ತಿಮಿಂಗಿಲಕ್ಕೋಸ್ಕರ ಇಂಥ ಲೇನನ್ನು ಸರಿಸಿದ್ದು ಅದೇ ಮೊದಲು. ಕೇಳಿದ್ದು ಕೆನಡಾ. ಒಪ್ಪಿದ್ದು ಲಂಡನ್‌ನಲ್ಲಿರುವ ಅಂತರರಾಷ್ಟ್ರೀಯ ಸಾಗರಯಾನ ಸಂಸ್ಥೆ, ನಮ್ಮ ಬಾಯಲ್ಲಿ ಐಎಂಒ. ಈಗ ನಾನು ಪಾಠ ಹೇಳುವ ಕೆಡೆಟ್‌ಗಳು, ಅಂದರೆ ಹಡಗಿನ ಅಧಿಕಾರಿಯಾಗಲು ಕಲಿಯುತ್ತಿರುವವರು, ಪ್ರತಿ ಬ್ಯಾಚಿನಲ್ಲೂ ಒಂದು ಪ್ರಶ್ನೆ ಕೇಳುತ್ತಾರೆ. "ಸರ್, ಐಎಂಒಗೆ ಸ್ವಂತ ಹಡಗಿಲ್ಲ, ಪೊಲೀಸಿಲ್ಲ, ದಂಡ ಹಾಕೋಕೂ ಬರಲ್ಲ. ಅದು ಸಮುದ್ರ ಕಾಯೋದು ಹೇಗೆ?"

ಪ್ರಶ್ನೆ ಸರಿಯಾಗಿಯೇ ಇದೆ. ಅದು ವಿಶ್ವಸಂಸ್ಥೆಯ ಒಂದು ಅಂಗ. 1948ರಲ್ಲಿ ಒಪ್ಪಂದ ಆಯಿತು, ಮೊದಲ ಸಭೆ ಸೇರಿದ್ದು 1959ರಲ್ಲಿ. ಈಗ 170ಕ್ಕೂ ಹೆಚ್ಚು ದೇಶಗಳು ಸದಸ್ಯರು. ಶುರುವಿನಲ್ಲಿ ಅದರ ಮುಖ್ಯ ಚಿಂತೆ ಹಡಗಿನಲ್ಲಿರುವವರ ಪ್ರಾಣ. ಸಮುದ್ರದ ಪ್ರಾಣ ಅದರ ತಲೆಗೆ ಜೋರಾಗಿ ಹೊಕ್ಕಿದ್ದು 1967ರ ಮಾರ್ಚ್‌ನಲ್ಲಿ. ಟಾರಿ ಕ್ಯಾನಿಯನ್ ಅನ್ನುವ ಟ್ಯಾಂಕರ್ ಇಂಗ್ಲೆಂಡಿನ ನೈಋತ್ಯ ತುದಿಯ ಹತ್ತಿರ ಸೆವೆನ್ ಸ್ಟೋನ್ಸ್ ಬಂಡೆಗಳ ಮೇಲೆ ಹತ್ತಿತು. ಹೊಟ್ಟೆಯಲ್ಲಿ 1 ಲಕ್ಷ ಟನ್‌ಗೂ ಮೀರಿದ ಕಚ್ಚಾತೈಲ. ಬಂದರಿಗೆ ಬೇಗ ಸೇರೋಣ ಅಂತ ಒಳದಾರಿ ಹಿಡಿದಿದ್ದರು. ಆಮೇಲೆ 1973ರಲ್ಲಿ ಬಂದದ್ದು ಮಾರ್ಪೋಲ್ ಒಪ್ಪಂದ. ಹಡಗಿನಿಂದಾಗುವ ಮಾಲಿನ್ಯಕ್ಕೆ ಇವತ್ತಿಗೂ ಅದೇ ಮೂಲ ಕಾನೂನು. ದಾರಿ ಲೆಕ್ಕ ಹಾಕುವಾಗ ಮಾಡಿದ ಒಂದು ತಪ್ಪು, ನೋಡಿ. ಕಡಲಿನಲ್ಲಿ ದಾರಿ ನೋಡುವ ಕೆಲಸ ಬೇರೆ, ಕಡಲನ್ನು ಕಾಯುವ ಕೆಲಸ ಬೇರೆ ಅನ್ನುವವರ ಮಾತು ಅದಕ್ಕೇ ನನಗೆ ಒಪ್ಪಿಗೆಯಾಗುವುದಿಲ್ಲ.

ಇನ್ನು ಗೆರೆಯ ವಿಷಯ. ಯಾವುದೋ ದೇಶ, ಇಲ್ಲಿ ಹಡಗಿನ ದಾರಿ ಬದಲಿಸಬೇಕು ಅಂತ ಲೆಕ್ಕ, ನಕ್ಷೆ ಸಮೇತ ಅರ್ಜಿ ಹಾಕುತ್ತದೆ. ಐಎಂಒದ ಉಪಸಮಿತಿ ಅದನ್ನು ಜಾಲಾಡುತ್ತದೆ. ಸುರಕ್ಷತಾ ಸಮಿತಿ ಒಪ್ಪಿದರೆ, ಕನಿಷ್ಠ ಆರು ತಿಂಗಳ ಮೇಲೆ ಜಾರಿ. ಅಷ್ಟರಲ್ಲಿ ಲೋಕದ ಎಲ್ಲ ಚಾರ್ಟ್‌ಗಳಲ್ಲೂ ಆ ಗೆರೆ ಬಂದಿರಬೇಕು. ಅಲ್ಲಿಂದ ಮುಂದೆ ಕಾಯುವವರು ನಾವೇ. ಹಡಗು ಯಾವ ದೇಶದ ಬಾವುಟ ಹಾರಿಸುತ್ತದೋ ಆ ದೇಶ ಕೇಳುತ್ತದೆ. ಬಂದರಿಗೆ ಬಂದರೆ ಅಲ್ಲಿನ ಇನ್ಸ್‌ಪೆಕ್ಟರ್ ಹತ್ತಿ ಬಂದು ಲಾಗ್‌ಬುಕ್ ಬಿಚ್ಚಿಸುತ್ತಾನೆ. ಬೇಕಾದರೆ ಹಡಗನ್ನು ಅಲ್ಲೇ ನಿಲ್ಲಿಸುತ್ತಾನೆ. ಒಂದು ದಿನ ನಿಂತರೆ ಮಾಲೀಕನಿಗೆ ಎಷ್ಟು ಹೊರೆ ಅನ್ನುವುದು ಕ್ಯಾಪ್ಟನ್‌ಗೆ ಚೆನ್ನಾಗಿ ಗೊತ್ತು. ಪೊಲೀಸ್ ಯಾಕೆ ಬೇಕು ಹೇಳಿ?

ಇಷ್ಟೆಲ್ಲ ತಾಪತ್ರಯದ ಬದಲು ತಿಮಿಂಗಿಲ ಕಂಡಾಗ ಚುಕ್ಕಾಣಿ ತಿರುಗಿಸಿದರೆ ಸಾಲದೆ? ಸಾಲದು. 300 ಮೀಟರ್ ಉದ್ದದ ಕಂಟೇನರ್ ಹಡಗೊಂದರ ಬ್ರಿಡ್ಜ್‌ನಲ್ಲಿ, ಅಂದರೆ ಹಡಗು ನಡೆಸುವ ಮೇಲಿನ ಕೋಣೆಯಲ್ಲಿ, ನಿಂತಿದ್ದೀರಿ ಅಂದುಕೊಳ್ಳಿ. ವೇಗ 20 ನಾಟ್, ಅಂದರೆ ಗಂಟೆಗೆ 37 ಕಿಲೋಮೀಟರ್. ಸೆಕೆಂಡಿಗೆ 10 ಮೀಟರ್ ಚಿಲ್ಲರೆ. ಮುಂದೆಲ್ಲ ಕಂಟೇನರ್‌ಗಳ ರಾಶಿ. ಮೂತಿಯ ಮುಂದಿನ ನೀರು ನಿಮಗೆ ಕಾಣುವುದೇ ಇಲ್ಲ. ಇಂಥ ಹಡಗಿಗೆ ಕಾನೂನೇ 500 ಮೀಟರ್‌ವರೆಗೆ ಹೀಗೆ ಮರೆಯಾಗಲು ಬಿಡುತ್ತದೆ. ಆ ಮರೆಗೆ ಬಿದ್ದ ತಿಮಿಂಗಿಲಕ್ಕೆ ಉಳಿದಿರುವುದು ಜಾಸ್ತಿ ಅಂದರೆ 50 ಸೆಕೆಂಡ್. ಅದಕ್ಕೂ ಮೊದಲೇ ಕಂಡಿತು ಅನ್ನಿ, ಚುಕ್ಕಾಣಿ ಪೂರ್ತಿ ತಿರುಗಿಸಿದರೂ ಹಡಗು ಸುಮಾರು ಹೊತ್ತು ನೇರಕ್ಕೇ ಹೋಗುತ್ತಿರುತ್ತದೆ. ಆಮೇಲೆ ಮೂತಿ ಒಂದು ಕಡೆ ತಿರುಗಿದರೆ ಹಿಂಭಾಗ ಇನ್ನೊಂದು ಕಡೆ ಬೀಸುತ್ತದೆ.

ಫಂಡಿಯಲ್ಲಿ ಸಾಯುತ್ತಿದ್ದದ್ದು ರೈಟ್ ವೇಲ್ ಅನ್ನುವ ಜಾತಿ. ಕಪ್ಪು ಬೆನ್ನು, ಬೆನ್ನಿನ ಮೇಲೆ ರೆಕ್ಕೆ ಇಲ್ಲ, ನಿಧಾನಸ್ಥ, ನೀರಿನ ಮೇಲ್ಭಾಗದಲ್ಲೇ ಹೆಚ್ಚು ಹೊತ್ತು. ಸಣ್ಣ ಅಲೆ ಇದ್ದರೂ ಸಾಕು, ಕಣ್ಣಿಗೆ ಬೀಳುವುದಿಲ್ಲ. ರಾತ್ರಿಯಂತೂ ಕೇಳಲೇ ಬೇಡಿ, ರೇಡಾರ್ ಅದರ ಬೆನ್ನನ್ನು ತೋರಿಸುತ್ತದೆ ಅಂತ ನಂಬಿ ಕೂರುವ ಹಾಗಿಲ್ಲ. ಈಗ ಉತ್ತರ ಅಟ್ಲಾಂಟಿಕ್‌ನಲ್ಲಿ 400ಕ್ಕಿಂತ ಕಡಿಮೆ ಉಳಿದಿವೆ. ಲೇನ್ ಸರಿಸಿದ ಮೇಲೆ ಫಂಡಿಯಲ್ಲಿ ಡಿಕ್ಕಿಯ ಅಪಾಯ ಶೇಕಡ 80ರಷ್ಟು ಇಳಿಯಿತು ಅನ್ನುತ್ತದೆ ಲೆಕ್ಕ. ಹೊಸ ಯಂತ್ರ ಬರಲಿಲ್ಲ, ಬರೀ ಗೆರೆ ಸರಿಯಿತು. 2008ರಲ್ಲಿ ನೋವಾ ಸ್ಕೋಷಿಯಾದ ದಕ್ಷಿಣಕ್ಕಿರುವ ರೋಸ್‌ವೇ ಬೇಸಿನ್‌ಗೂ ಒಂದು ಗೆರೆ ಬಂತು. ಜೂನ್‌ನಿಂದ ಡಿಸೆಂಬರ್‌ವರೆಗೆ ಇಲ್ಲಿ ಬರಬೇಡಿ ಅಂತ. ಅದು ಬರೀ ಸಲಹೆ, ಕಡ್ಡಾಯ ಅಲ್ಲ. ಆದರೂ ಹೆಚ್ಚಿನ ಹಡಗುಗಳು ಸುತ್ತು ಹಾಕಿಕೊಂಡೇ ಹೋದವು. ಚಾರ್ಟಿನ ಮೇಲೆ ಗೆರೆ ಕಂಡರೆ ಅದನ್ನು ದಾಟಲು ನಾವಿಕನಿಗೆ ಕೈಯೇ ಬರುವುದಿಲ್ಲ. ಅಭ್ಯಾಸ ಅಂಥದ್ದು.

ಹಾಗಂತ ಗೆರೆಯೇ ಸರ್ವಸ್ವ ಅಲ್ಲ. ತಿಮಿಂಗಿಲ ಚಾರ್ಟ್ ಓದುವುದಿಲ್ಲ. ನೀರು ಬೆಚ್ಚಗಾದ ಹಾಗೆ ಅವುಗಳ ಆಹಾರ ಜಾಗ ಬದಲಿಸಿತು, ಅವೂ ಹಿಂದೆಯೇ ಸೇಂಟ್ ಲಾರೆನ್ಸ್ ಕೊಲ್ಲಿಗೆ ಹೋದವು. ಅಲ್ಲಿ ಅವಕ್ಕಾಗಿ ಗೆರೆ ಇರಲಿಲ್ಲ. 2017ರಲ್ಲಿ ಕೆನಡಾದ ನೀರಿನಲ್ಲೇ 12 ಸತ್ತವು, ಕೆಲವು ಹಡಗು ಬಡಿದು, ಕೆಲವು ಬಲೆಯ ಹಗ್ಗಕ್ಕೆ ಸಿಕ್ಕಿ. ಲಂಡನ್‌ಗೆ ಅರ್ಜಿ ಹಾಕಿ ಕಾಯುವಷ್ಟು ವ್ಯವಧಾನ ಎಲ್ಲಿ? ಕೆನಡಾ ಅದೇ ಆಗಸ್ಟ್‌ನಲ್ಲಿ 20 ಮೀಟರ್ ಮೀರಿದ ಹಡಗುಗಳಿಗೆ 10 ನಾಟ್ ಮಿತಿ ಹಾಕಿತು. ಯಾಕೆ 10? ಸುಮಾರು 15 ನಾಟ್‌ನಲ್ಲಿ ಹೊಡೆದರೆ ದೊಡ್ಡ ತಿಮಿಂಗಿಲ 100ಕ್ಕೆ 80 ಸಲ ಸಾಯುತ್ತದೆ. 9ರ ಹತ್ತಿರಕ್ಕೆ ಇಳಿಸಿದರೆ 20 ಸಲ. ನಿಧಾನ ಮಾಡಿದರೆ ಶೆಡ್ಯೂಲ್ ಹಾಳಾಗುತ್ತದೆ ಅಂತ ಗೊಣಗುವವರನ್ನು ಬೇಕಾದಷ್ಟು ನೋಡಿದ್ದೇನೆ. ನಾನೂ ಗೊಣಗಿದ್ದೇನೆ, ಸುಳ್ಳು ಯಾಕೆ.

ಊಟದ ತಟ್ಟೆಗೂ ಇದೇ ಲೆಕ್ಕ. ಮಾರ್ಪೋಲ್ ಪ್ರಕಾರ ಪುಡಿ ಮಾಡಿದ ಊಟದ ಉಳಿಕೆಯನ್ನು ಮಾಮೂಲಿ ಸಮುದ್ರದಲ್ಲಿ ದಡದಿಂದ 3 ನಾಟಿಕಲ್ ಮೈಲಿ ದಾಟಿದ ಮೇಲೆ ಸುರಿಯಬಹುದು, ಪುಡಿ ಮಾಡದ್ದನ್ನು 12 ದಾಟಿದ ಮೇಲೆ. ಪ್ಲಾಸ್ಟಿಕ್ ಮಾತ್ರ ಎಲ್ಲೂ ಹಾಕುವಂತಿಲ್ಲ. ಹಾಗಾಗಿ ಅಡುಗೆಯವರು ಬಕೆಟ್ ಎತ್ತುವ ಮೊದಲು ಬ್ರಿಡ್ಜ್‌ಗೆ ಫೋನ್ ಮಾಡಿ, ದಡ ಎಷ್ಟು ದೂರ ಅಂತ ಕೇಳಬೇಕು. ಕೆಡೆಟ್ ಆಗಿದ್ದಾಗ ಒಮ್ಮೆ ನನ್ನ ಕೈಗೇ ಬಕೆಟ್ ಕೊಟ್ಟರು. ದೂರ ಸರಿಯಾಗಿತ್ತು, ಗಾಳಿಗೆ ಬೆನ್ನು ಮಾಡಿ ಸುರಿದೂ ಆಯಿತು. ಹಿಂದಿನ ನೊರೆಯಲ್ಲಿ ಏನೋ ಕೆಂಪಗೆ ತೇಲಿತು. ಈರುಳ್ಳಿ ಕಟ್ಟಿದ್ದ ಪ್ಲಾಸ್ಟಿಕ್ ಬಲೆ. ಚೀಫ್ ಆಫೀಸರ್ ಬೈಯಲಿಲ್ಲ. ಕಸದ ದಾಖಲೆ ಪುಸ್ತಕ ತಂದು ಮುಂದಿಟ್ಟು, ಗಂಟೆ, ಅಕ್ಷಾಂಶ, ರೇಖಾಂಶ, ಏನು ಬಿತ್ತು, ಯಾಕೆ ಬಿತ್ತು, ಎಲ್ಲ ನನ್ನ ಕೈಯಲ್ಲೇ ಬರೆಸಿದರು. ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆನೇನೋ.

ಹಾಯಿದೋಣಿಯವರು ಇದೆಲ್ಲ ದೊಡ್ಡ ಹಡಗಿನವರ ಪಾಡು ಅಂದುಕೊಳ್ಳುತ್ತಾರೆ. ಅಲ್ಲ. ಲೇನ್ ದಾಟುವಾಗ ಅವರ ದೋಣಿಯ ಮೂತಿ ಲೇನ್‌ಗೆ ಆದಷ್ಟು ಅಡ್ಡಡ್ಡ, 90 ಡಿಗ್ರಿಯಲ್ಲಿ ಇರಬೇಕು. ಪ್ರವಾಹ ಪಕ್ಕಕ್ಕೆ ತಳ್ಳುತ್ತಿದ್ದರೆ ತಳ್ಳಲಿ, ಅದನ್ನು ಸರಿಮಾಡಲು ಮೂತಿ ತಿರುಗಿಸಬಾರದು. ಹಾಗೆ ಹೋದರೆ ಬೇಗ ದಾಟಿ ಆಗುತ್ತದೆ, ದೊಡ್ಡ ಹಡಗಿನವನಿಗೂ ಇವರು ಎತ್ತ ಹೋಗುತ್ತಿದ್ದಾರೆ ಅಂತ ಸ್ಪಷ್ಟವಾಗಿ ಕಾಣುತ್ತದೆ. ಲೇನ್‌ನಲ್ಲಿ ಹೋಗುವ ಎಂಜಿನ್ ಹಡಗಿಗೆ ಅಡ್ಡಿ ಆಗಬಾರದು ಅನ್ನುವ ನಿಯಮವೂ ಅವರಿಗೆ ಇದೆ.

ಈಗ ಪೆನ್ನು ಶಾಯಿ ಹೋಗಿ ಸ್ಕ್ರೀನ್ ಬಂದಿದೆ. ವಾರದ ತಿದ್ದುಪಡಿ ಫೈಲ್ ಲೋಡ್ ಮಾಡಿದರೆ ಆಯಿತು, ಗೆರೆ ತಾನೇ ಸರಿಯುತ್ತದೆ. ಯಾಕೆ ಸರಿಯಿತು ಅಂತ ಯಾರೂ ಕೇಳುವುದಿಲ್ಲ. ಇನ್ನೂ ಒಂದು ತೊಂದರೆ ಇದೆ. ಅಲಾರಂ ಜಾಸ್ತಿ ಕೂಗುತ್ತದೆ ಅಂತ, ಇಂಥ ಗೆರೆ ಹಾಕಿದ ವಿಶೇಷ ಪ್ರದೇಶಗಳ ಎಚ್ಚರಿಕೆಯನ್ನು ಸುಮ್ನೆ ಆಫ್ ಮಾಡಿಟ್ಟುಕೊಳ್ಳುವವರಿದ್ದಾರೆ. ಸಿಮ್ಯುಲೇಟರ್ ತರಗತಿ ಶುರುವಾಗುವ ಮೊದಲೇ ಅದನ್ನು ನಾನು ಆಫ್ ಮಾಡಿಟ್ಟಿರುತ್ತೇನೆ. ವಾಚ್, ಅಂದರೆ ಬ್ರಿಡ್ಜ್‌ನ ಪಾಳಿ, ವಹಿಸಿಕೊಳ್ಳುವಾಗ ಯಾರು ಸೆಟ್ಟಿಂಗ್ ತೆರೆದು ನೋಡುತ್ತಾರೆ ಅಂತ ಹಿಂದೆ ನಿಂತು ಕಾಯುತ್ತೇನೆ. ಕಳೆದ ಬ್ಯಾಚಿನಲ್ಲಿ ಒಬ್ಬಳು ನೋಡಿದಳು. ಆನ್ ಮಾಡಿದ ಕೂಡಲೇ ಅಲಾರಂ ಬಡಿದುಕೊಂಡಿತು. "ಸರ್, ಇಲ್ಲಿ ಬಂಡೆ ಏನೂ ಕಾಣ್ತಿಲ್ಲವಲ್ಲ?" ಅಂದಳು.